ಕೊನೆ ತನಕ ನೋಡಿದ್ರಾ?

ಬಣಕಲ್‌ನ ಆ ಮನುಷ್ಯ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಹೋದವರ ಬಗ್ಗೆ ಒಳ್ಳೆಯದನ್ನಷ್ಟೇ ಓದಬೇಕು ಅನ್ನುವವರು ಇಲ್ಲಿಗೇ ಪುಟ ಮಗುಚಬಹುದು.

ಊರವರಿಗೆ ಅವರು ಕೇಬಲ್‌ನವರು. ಮನೆಮನೆಗೆ ಡಿಶ್ ಬಂದು ಕೇಬಲ್ ಕೆಲಸ ನಿಂತು ಎಷ್ಟೋ ವರ್ಷವಾದರೂ ಆ ಹೆಸರು ಹೋಗಲಿಲ್ಲ. ಒಂದು ಕಾಲದಲ್ಲಿ ಸುತ್ತಲಿನ ಕಾಫಿ ತೋಟಗಳಲ್ಲಿ ಸಿಲ್ವರ್ ಮರದಿಂದ ಸಿಲ್ವರ್ ಮರಕ್ಕೆ ವೈರು ಎಳೆದು, ಕೂಲಿಲೈನಿಗೂ ಸಾಹುಕಾರರ ಬಂಗಲೆಗೂ ಒಂದೇ ಧಾರಾವಾಹಿಯನ್ನು ಒಂದೇ ಹೊತ್ತಿಗೆ ಮುಟ್ಟಿಸಿದವರು. ಟಿವಿಯಲ್ಲಿ ಚಿತ್ರ ಹೇಗೆ ನಡುಗುತ್ತಿದೆ ಅಂತ ನೋಡಿ, ಕೊಂಬೆ ಬಿದ್ದು ವೈರು ಹರಿದದ್ದು ಯಾವ ತೋಟದಲ್ಲಿ ಅಂತ ಹೇಳುತ್ತಿದ್ದರಂತೆ. ಬಿಡುವಿನಲ್ಲಿ ಮದುವೆ ವಿಡಿಯೋ ತೆಗೆಯುತ್ತಿದ್ದರು. ನಾನು ಅವರನ್ನು ಕಂಡದ್ದು ಇದೆಲ್ಲ ಮುಗಿದ ಮೇಲೆ. ಅಷ್ಟರಲ್ಲಿ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಗಿತ್ತು, ಬರೀ ಪಿಸುಮಾತು ಉಳಿದಿತ್ತು. ಎದುರಿಗೆ ಕೂತರೆ ಅರ್ಥವಾಗುತ್ತಿತ್ತು. ಫೋನಿನಲ್ಲಾದರೆ ದೇವರೇ ಗತಿ.

ಅವರು ಮಾಡಿದ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಮನೆಯ ಒಂದು ಕಂಪ್ಯೂಟರಿನಲ್ಲಿ ನಮ್ಮದೇ ಸಿನಿಮಾ, ಹಾಡು, ಮದುವೆ ವಿಡಿಯೋ ಎಲ್ಲ ತುಂಬಿಟ್ಟು, ಅದನ್ನು ಮನೆಯ ಯಾವ ಟಿವಿಯಲ್ಲಾದರೂ ಫೋನಿನಲ್ಲಾದರೂ ನೋಡುವಂತೆ ಮಾಡುವ ಸರ್ವರ್ ತಂತ್ರಾಂಶ. ಕೇಬಲ್ ನಿಂತ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಹಳೆಯ ಕಂಟ್ರೋಲ್ ರೂಮಿನಲ್ಲಿ ಕೂತು ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಲಿತು ಬರೆದದ್ದು. ಅದು ಮುಕ್ತ ತಂತ್ರಾಂಶ. ಜಗತ್ತಿನಲ್ಲಿ ಯಾರು ಬೇಕಾದರೂ ಅದರ ಕೋಡ್ ಓದಬಹುದು, ತಿದ್ದಿ ಕಳಿಸಬಹುದು. ಕಳಿಸಿದ ತಿದ್ದುಪಡಿಯನ್ನು ಸೇರಿಸಬೇಕೋ ಬೇಡವೋ ಅನ್ನುವ ತೀರ್ಮಾನ ಮಾತ್ರ ಅವರೊಬ್ಬರದು. ನನ್ನ ಕಷ್ಟವೆಲ್ಲ ಇರುವುದು ಈ ಕೊನೆಯ ವಾಕ್ಯದಲ್ಲಿ.

ನಾನು ಮೂಡಿಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ತವರು ಆಲ್ದೂರು, ಅಪ್ಪನದು ಅಲ್ಲಿ ಪಾತ್ರೆ ಅಂಗಡಿ. ಅಪ್ಪ ಗುಡ್ಡೆ ಹಾಕಿದ್ದ ಹಳೆಯ ಕ್ಯಾಸೆಟ್ಟುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಅದನ್ನು ಟಿವಿಗೆ ಹಾಕುವ ದಾರಿ ಹುಡುಕುತ್ತಿದ್ದಾಗ ಈ ತಂತ್ರಾಂಶ ಸಿಕ್ಕಿತು. ಸುಮ್ಮನೆ ಕೋಡ್ ತೆರೆದರೆ ನಡುವೆ ಕನ್ನಡದಲ್ಲಿ ಒಂದು ಟಿಪ್ಪಣಿ: ‘ಈ ಸಾಲು ಮುಟ್ಟಬೇಡಿ. ಮುಟ್ಟಿದರೆ ಆಲ್ದೂರಿನ ಟಿವಿ ನಿಂತುಹೋಗುತ್ತದೆ.’ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಆಮೇಲೆ ಗೊತ್ತಾಯಿತು, ಆಲ್ದೂರಿನ ಬೇಕರಿಯೊಂದರಲ್ಲಿ ಒಂದು ಮುದಿ ಟಿವಿ ಇತ್ತು, ಹೊಸ ಆವೃತ್ತಿ ಬಿಡುಗಡೆಯಾಗಬೇಕಾದರೆ ಮೊದಲು ಅದರಲ್ಲಿ ಓಡಬೇಕಿತ್ತು. ಎಲ್ಲೋ ಸಮುದ್ರದಾಚೆ ಕೂತ ಪ್ರೋಗ್ರಾಮರುಗಳೂ ಆ ಸಾಲನ್ನು ಮುಟ್ಟುತ್ತಿರಲಿಲ್ಲ. ಆಲ್ದೂರು ಅಂದರೆ ಏನು ಅಂತ ಒಬ್ಬ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ: ‘ಕಷ್ಟದ ಗಿರಾಕಿ.’

ನಾನು ಮೂರು ಸಾಲಿನ ಒಂದು ಸಣ್ಣ ತಿದ್ದುಪಡಿ ಕಳಿಸಿದೆ. ನಾನು ಮೂಡಿಗೆರೆಯವಳು ಅಂತ ಗೊತ್ತಾದದ್ದೇ ತಡ, ಮರುದಿನ ಬಸ್ಸು ಹತ್ತಿ ಕಾಲೇಜಿಗೇ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಟೆಸ್ಟರ್, ಇನ್ಸುಲೇಷನ್ ಟೇಪು, ನಾಲ್ಕೈದು ರಿಮೋಟು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಕೂತು, ಎರಡನೇ ಸಾಲು ತಪ್ಪು ಅಂತ ಪಿಸುಗುಟ್ಟಿದರು. ಒಂದು ಇಮೇಲ್ ಹಾಕಿದ್ದರೆ ಸಾಕಿತ್ತಲ್ಲ ಸರ್ ಅಂದೆ. “ಮನೇಗೆ ಹೋಗದೆ ಕಂಪ್ಲೇಂಟು ಸರಿಮಾಡಕ್ಕಾಗಲ್ಲ ಮಾರಾಯ್ತಿ,” ಅಂದರು. ಎರಡನೇ ಸಾಲು ತಪ್ಪೇ ಆಗಿತ್ತು. ಅದು ಇನ್ನೂ ಹೆಚ್ಚು ಸಿಟ್ಟು ತರಿಸಿತು.

ಕೇಬಲ್ ಕಂಪ್ಲೇಂಟಿಗೂ ಜಗತ್ತಿನ ಮೂಲೆಯಿಂದ ಬರುವ ಬಗ್ ವರದಿಗೂ ಅವರ ಲೆಕ್ಕದಲ್ಲಿ ವ್ಯತ್ಯಾಸವೇ ಇರಲಿಲ್ಲ. ಯಾವುದೋ ದೂರದೇಶದವನೊಬ್ಬ ಪುಟಗಟ್ಟಲೆ ವಿವರ ಬರೆದು, ಚಿತ್ರ ಪದೇಪದೇ ನಿಲ್ಲುತ್ತದೆ ಅಂದರೆ ಇವರು ಕೇಳುವುದು: ‘ಟಿವಿ ಮುಂದೆ ಯಾರು ಕೂತಿರುತ್ತಾರೆ? ಅವರಿಗೆ ವಯಸ್ಸೆಷ್ಟು?’ ನಾನು ನಾಚಿಕೆಯಿಂದ ಮುಖ ಮುಚ್ಚಿಕೊಂಡಿದ್ದೆ. ಆ ಮನುಷ್ಯ ಪಾಪ, ತನ್ನ ಅಜ್ಜಿ ಅಂತ ಉತ್ತರ ಬರೆದ. ಅಜ್ಜಿಯ ಕೈ ನಡುಗುತ್ತದೆ, ರಿಮೋಟಿನ ಗುಂಡಿ ಒತ್ತಿದರೆ ಎರಡು ಸಲ ಒತ್ತಿದ ಹಾಗಾಗುತ್ತದೆ. ಒಮ್ಮೆ ಒತ್ತಿದ ಮೇಲೆ ಸ್ವಲ್ಪ ಹೊತ್ತು ಎರಡನೇ ಒತ್ತನ್ನು ಗಣನೆಗೆ ತೆಗೆದುಕೊಳ್ಳಬಾರದು ಅಂತ ಇವರು ಬರೆದರು. ನಾವು ಮೂರು ಜನ ಹದಿನೈದು ದಿನ ನೆಟ್‌ವರ್ಕಿನಲ್ಲಿ ಹುಡುಕಿದ ದೋಷ ಆ ಅಜ್ಜಿಯ ಬೆರಳಲ್ಲಿತ್ತು.

ಅವರ ತಂತ್ರಾಂಶ ಹೆಸರು ಮಾಡಿದ್ದು ಒಂದೇ ಒಂದು ಗುಣಕ್ಕೆ. ಕರೆಂಟು ಹೋದರೆ, ಬಂದ ಕೂಡಲೇ ಬಿಟ್ಟ ಕಡೆಯಿಂದಲೇ ಶುರುವಾಗುತ್ತಿತ್ತು, ಒಂದು ಕ್ಷಣ ಹಿಂದೆಮುಂದೆ ಇಲ್ಲದೆ. ಮನೆಯಲ್ಲಿ ಐದು ಜನ ಇದ್ದರೆ ಐದೂ ಜನ ಯಾವುದನ್ನು ಎಲ್ಲಿಗೆ ಬಿಟ್ಟರು ಅಂತ ಅದು ಬರೆದಿಟ್ಟುಕೊಳ್ಳುತ್ತಿತ್ತು. ನಮ್ಮ ಕಡೆ ಆಷಾಢದಲ್ಲಿ ಕರೆಂಟು ಹೋಗಿಬರುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ ಅದನ್ನು ಪರೀಕ್ಷೆ ಮಾಡುವ ಅವರ ವಿಧಾನ ಯಾರಿಗೂ ಬೇಡ. ಹೆಂಡತಿ ಧಾರಾವಾಹಿ ನೋಡುತ್ತಾ ಕೂತಿರುವಾಗ ಸದ್ದಿಲ್ಲದೆ ಹೋಗಿ ಇಡೀ ಮನೆಯ ಮೈನ್ ಸ್ವಿಚ್ ಇಳಿಸಿಬಿಡುವುದು! “ಇಳಿಸೋ ಮುಂಚೆ ಒಂದ್ ಮಾತು ಹೇಳಬಾರ್ದೇನ್ರೀ?” ಅಂತ ಅಕ್ಕ ಒಳಗಿನಿಂದ ಕೂಗಿದರೆ, ಇವರು ನನ್ನ ಕಡೆ ತಿರುಗಿ, “ಕರೆಂಟಿನವ್ರು ಹೇಳಿ ತೆಗೀತಾರಾ?” ಅನ್ನುತ್ತಿದ್ದರು. ಅವರ ಹೆಂಡತಿಯನ್ನು ನಾನು ಮೊದಲಿನಿಂದಲೂ ಅಕ್ಕ ಅಂತಲೇ ಕರೆಯುವುದು.

ಈಗ ಆ ಮದುವೆಯ ವಿಷಯ. ಹಿಂದೆ ಅವರು ಜಾವಳಿಯಲ್ಲಿ ಒಂದು ಮದುವೆಯ ವಿಡಿಯೋ ತೆಗೆದಿದ್ದರು. ಮೂರು ಗಂಟೆ ನಲವತ್ತು ನಿಮಿಷ. ಮದುವೆ ಯಾರದ್ದೋ, ಇವರಿಗೆ ನೆಂಟರೂ ಅಲ್ಲ. ಆದರೆ ಹೊಸ ತಿದ್ದುಪಡಿ ಏನೇ ಬರಲಿ, ಸೇರಿಸುವ ಮುಂಚೆ ಅದನ್ನು ಹಾಕಿಕೊಂಡು ಆ ಮದುವೆಯನ್ನು ಮೊದಲಿಂದ ಕೊನೆಯವರೆಗೆ ನೋಡಬೇಕು. ಅವರೂ ನೋಡಬೇಕು, ತಿದ್ದುಪಡಿ ಬರೆದವರೂ ನೋಡಬೇಕು. ಇದು ಕಾನೂನು. ನಡುವೆ ಬೇಗಬೇಗ ಓಡಿಸಿ ನೋಡುವಂತಿಲ್ಲ. ಅದಕ್ಕೇ ಅಂತ ತಮ್ಮ ಮನೆಯ ಸರ್ವರಿನಲ್ಲಿ ನಮಗೆಲ್ಲ ಒಂದೊಂದು ಲಾಗಿನ್ ಹೆಸರು ಮಾಡಿಕೊಟ್ಟಿದ್ದರು, ನಮ್ಮ ನಮ್ಮ ಮನೆಯಲ್ಲೇ ಕೂತು ನೋಡಬಹುದಿತ್ತು. ಸಮುದ್ರದಾಚೆಯ ಪ್ರೋಗ್ರಾಮರುಗಳು ಜಾವಳಿಯ ಬೀಗರು ಕಡುಬು ತಿನ್ನುವುದನ್ನು ಭಕ್ತಿಯಿಂದ ನೋಡಿದ್ದಾರೆ. ಒಬ್ಬಳಂತೂ ನಾಲ್ಕನೇ ಸಲ ನೋಡಿದ ಮೇಲೆ, ಧಾರೆಯ ಹೊತ್ತಿನಲ್ಲಿ ಮದುಮಗಳ ಅಜ್ಜಿ ಯಾಕೆ ಅಷ್ಟು ಸಿಟ್ಟಾಗಿದ್ದಾರೆ ಅಂತ ಕೇಳಿದ್ದಳು. ಕೆಲಸ ಮುಗಿಯಿತು ಅಂತ ಯಾರಾದರೂ ತಿಳಿಸಿದರೆ ಇವರದ್ದು ಒಂದೇ ಪ್ರಶ್ನೆ. “ಕೊನೆ ತನಕ ನೋಡಿದ್ರಾ?”

ನನಗೆ ಪುರುಸೊತ್ತೆಲ್ಲಿ? ಇಂಟರ್ನಲ್ಸ್ ಪೇಪರು ತಿದ್ದಬೇಕು, ಮಗಳನ್ನು ಕರಾಟೆ ಕ್ಲಾಸಿಗೆ ಬಿಡಬೇಕು. ಮೊದಲ ಸಲ ವಾಲಗದ ಸದ್ದು ಆಫ್ ಮಾಡಿ, ಪೇಪರು ತಿದ್ದುತ್ತಾ, ಅರ್ಧಂಬರ್ಧ ನೋಡಿ ನಿಲ್ಲಿಸಿದೆ. ಆಮೇಲೆ ಆ ಕಡೆ ತಲೆಯೇ ಹಾಕಲಿಲ್ಲ. ಅವರು ಕೇಳಿದಾಗಲೆಲ್ಲ, “ನೋಡಿದೆ ಸರ್” ಅನ್ನುತ್ತಿದ್ದೆ. ಅವರು ಕತ್ತು ಆಡಿಸುತ್ತಿದ್ದರು.

ನಮ್ಮಿಬ್ಬರಿಗೂ ಹತ್ತಿಕೊಂಡದ್ದು ನನ್ನ ದೊಡ್ಡ ತಿದ್ದುಪಡಿಯ ಮೇಲೆ. ಹಳೆಯ ಕ್ಯಾಸೆಟ್ಟಿನಿಂದ ಇಳಿಸಿದ ವಿಡಿಯೋಗಳಲ್ಲಿ ನಡುನಡುವೆ ಕಪ್ಪು ಬರುತ್ತದೆ. ಟೇಪು ಖಾಲಿ ಓಡಿದ್ದು, ಕ್ಯಾಮೆರಾ ಮುಚ್ಚಳ ತೆಗೆಯಲು ಮರೆತದ್ದು. ಅಂಥ ಜಾಗವನ್ನು ಸರ್ವರ್ ತಾನಾಗಿ ಗುರುತಿಸಿ ದಾಟಿಕೊಂಡು ಮುಂದೆ ಹೋಗುವಂತೆ ನಾನು ಬರೆದೆ. ಎಂಟು ತಿಂಗಳು ಹಿಡಿಯಿತು. ಬೇರೆಯವರು ಬರೆದ ಪಾಠವನ್ನೇ ವರ್ಷ ವರ್ಷ ಒಪ್ಪಿಸುತ್ತಿದ್ದ ನನಗೆ, ಇದು ನಾನು ಮಾಡಿದ್ದು ಅಂತ ತೋರಿಸಲು ಇದ್ದದ್ದು ಅದೊಂದೇ. ಬಳಸಿ ನೋಡಿದವರೆಲ್ಲ ಹೊಗಳಿದರು. ಇವರೊಬ್ಬರು ಸೇರಿಸಲಿಲ್ಲ. ತಿಂಗಳಾಯಿತು, ಆರು ತಿಂಗಳಾಯಿತು. ಕಡೆಗೆ ನಾನೇ ಬಣಕಲ್‌ಗೆ ಹೋಗಿ ಅವರ ಕಂಟ್ರೋಲ್ ರೂಮಿನಲ್ಲಿ ಕೂತೆ.

“ಏನಾಗಿದೆ ಸರ್ ಅದಕ್ಕೆ? ತಪ್ಪು ಏನಿದೆ ಹೇಳಿ.”

“ತಪ್ಪೇನಿಲ್ಲ. ಚೆನ್ನಾಗೇ ಬರ್ದಿದೀರಿ.”

“ಮತ್ತೆ? ನಿಮ್ಮ ಜಾವಳಿ ಮದುವೇನೇ ನೋಡಿ. ಎರಡು ಗಂಟೆ ಹನ್ನೊಂದನೇ ನಿಮಿಷದಲ್ಲಿ ಮುಕ್ಕಾಲು ನಿಮಿಷ ಬರೀ ಕಪ್ಪು. ಏನೂ ಇಲ್ಲ. ಅದನ್ಯಾಕೆ ಜನ ನೋಡ್ಬೇಕು?”

ಆ ಹನ್ನೊಂದನೇ ನಿಮಿಷದ ವಿಷಯ ನನಗೆ ಗೊತ್ತಾದದ್ದು ವಿಡಿಯೋ ನೋಡಿ ಅಲ್ಲ. ನನ್ನ ಪ್ರೋಗ್ರಾಮು ಕಪ್ಪು ಜಾಗಗಳ ಪಟ್ಟಿ ಕೊಟ್ಟಿತ್ತು. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

“ಕೊನೆ ತನಕ ನೋಡಿದ್ರಾ?”

“ನೋಡಿದೆ ಸರ್.”

“ಪೂರ್ತಿ?”

“ಪೂರ್ತಿ.”

“ಹಾಗಾದ್ರೆ ಇದು ಬೇಡ ಮಾರಾಯ್ತಿ. ಅಲ್ಲಿ ಜನ ಇದಾರೆ.”

“ಕಪ್ಪಲ್ಲಿ ಯಾವ ಜನ ಸರ್?”

“ಪೂರ್ತಿ ನೋಡಿದೀರಲ್ಲ. ನಿಮಗೇ ಗೊತ್ತಿರ್ಬೇಕು.”

ಅಷ್ಟೇ. ನಾನು ಇನ್ನೊಂದು ಪ್ರಶ್ನೆ ಕೇಳಿದರೆ ನನ್ನ ಸುಳ್ಳು ಹೊರಗೆ ಬರುತ್ತಿತ್ತು, ಆದ್ದರಿಂದ ಕೇಳಲಿಲ್ಲ. ಅಕ್ಕ ತಂದಿಟ್ಟ ಕಾಫಿಯನ್ನೂ ಮುಟ್ಟದೆ ಎದ್ದು ಬಂದೆ. ಮನೆಗೆ ಬಂದವಳು ಆ ಮುಕ್ಕಾಲು ನಿಮಿಷವನ್ನಾದರೂ ಹಾಕಿ ನೋಡಬಹುದಿತ್ತು. ನೋಡಲಿಲ್ಲ. ಮುದುಕರ ಹಟಕ್ಕೆ ನಾನ್ಯಾಕೆ ಸೊಪ್ಪು ಹಾಕಲಿ ಅನ್ನುವ ಹಟ.

ಒಂದು ತಿಂಗಳಲ್ಲಿ ನಾನು ಬೇರೆಯಾದೆ. ಮುಕ್ತ ತಂತ್ರಾಂಶದಲ್ಲಿ ಇದಕ್ಕೆ ಯಾರ ಅಡ್ಡಿಯೂ ಇಲ್ಲ. ಇಡೀ ಕೋಡನ್ನು ನಕಲು ಮಾಡಿಕೊಂಡು, ಬೇರೆ ಹೆಸರಿಟ್ಟು, ಬೇರೆ ಒಲೆ ಹಚ್ಚಿದ ಹಾಗೆ. ಆರು ಜನ ನನ್ನ ಜೊತೆ ಬಂದರು. ನಮ್ಮ ಸರ್ವರ್ ಕಪ್ಪನ್ನು ದಾಟುತ್ತಿತ್ತು, ಆಲ್ದೂರಿನ ಟಿವಿಯನ್ನು ಕೇಳುತ್ತಿರಲಿಲ್ಲ, ಯಾರಿಗೂ ಮದುವೆ ತೋರಿಸುತ್ತಿರಲಿಲ್ಲ. ಜನರೂ ಅದನ್ನೇ ಹೆಚ್ಚು ಹಚ್ಚಿಕೊಂಡರು. ಅವರಿಂದ ಬಂದದ್ದು ಒಂದೇ ಸಾಲಿನ ಇಮೇಲು: ‘ಒಳ್ಳೆಯದಾಗಲಿ. ಕರೆಂಟು ತೆಗೆದು ನೋಡುತ್ತಿರಿ.’ ನನಗೆ ಅದನ್ನು ಓದಿ ಅಳು ಬಂತು, ಸಿಟ್ಟೂ ಬಂತು. ಜಗಳವಾಡಲೂ ಬಾರದ ಮನುಷ್ಯನ ಜೊತೆ ಏನು ಮಾಡುವುದು?

ಆಮೇಲೆ ಎರಡು ವರ್ಷ ನಾನು ಬಣಕಲ್‌ನಲ್ಲಿ ಇಳಿಯಲಿಲ್ಲ. ಬಸ್ಸು ಅಲ್ಲಿ ನಿಂತಾಗ ಕಿಟಕಿಯಿಂದ ಕಂಟ್ರೋಲ್ ರೂಮಿನ ಬಾಗಿಲು ಕಾಣಿಸುತ್ತಿತ್ತು, ತೆರೆದೇ ಇರುತ್ತಿತ್ತು. ಅವರು ಹೋದ ಸುದ್ದಿ ತಿಳಿದು ಇಳಿದೆ. ಶಿವಗಣಾರಾಧನೆ ಮುಗಿದು ವಾರವಾದ ಮೇಲೆ ಅಕ್ಕನಿಂದ ಫೋನು.

“ಟಿವೀಲಿ ಏನೂ ಬರ್ತಿಲ್ಲ ಕಣಮ್ಮ. ಅವ್ರ ಡಬ್ಬಿ ದೀಪಾನೇ ಹತ್ತಲ್ಲ.”

ಡಬ್ಬಿ ಅಂದರೆ ಅವರ ಸರ್ವರ್ ಕಂಪ್ಯೂಟರು. ಹೋಗಿ ನೋಡಿದರೆ ಅದರ ಪವರ್ ಸಪ್ಲೈ ಸುಟ್ಟಿತ್ತು. ನನ್ನ ಮನೆಯಲ್ಲಿ ಬಿಡಿಯಾಗಿದ್ದ ಇನ್ನೊಂದು ಚಿಕ್ಕ ಕಂಪ್ಯೂಟರು ತಂದು, ಅವರ ವಿಡಿಯೋಗಳನ್ನೆಲ್ಲ ಅದಕ್ಕೆ ಹಾಕಿ, ನನ್ನದೇ ಸರ್ವರ್ ಕೂರಿಸಿದೆ. ಸ್ವಲ್ಪ ಜಂಬದಿಂದಲೇ ಕೂರಿಸಿದೆ, ಸುಳ್ಳು ಹೇಳಲಾರೆ. ಅವರ ಮನೆಯಲ್ಲೇ ಕಡೆಗೂ ನನ್ನದು ಓಡಿತಲ್ಲ ಅಂತ. ಯಾವುದು ಹಾಕಿಕೊಡಲಿ ಅಕ್ಕ ಅಂದೆ. “ಜಾವಳಿ ಮದುವೆ,” ಅಂದರು. ಈ ಮನೆಯಲ್ಲಿ ಬೇರೆ ಏನೂ ಇಲ್ಲವೇ ಅಂತ ಮನಸ್ಸಿನಲ್ಲೇ ಅಂದುಕೊಂಡು, ಹಾಕಿಕೊಟ್ಟು ಬಂದೆ.

ಮೂರನೇ ದಿನ ಮತ್ತೆ ಫೋನು. ಈ ಸಲ ಅಕ್ಕನ ದನಿ ಬೇರೆಯಾಗಿತ್ತು.

“ನೀವು ಹಾಕ್ಕೊಟ್ಟಿದ್ರಲ್ಲಿ ಅವ್ರಿಲ್ಲ.”

“ಯಾರು ಅಕ್ಕ?”

“ಇವ್ರು.”

“ಸರ್ ವಿಡಿಯೋ ತೆಗ್ದೋರಲ್ವಾ ಅಕ್ಕ? ಅವ್ರು ಅದ್ರಲ್ಲಿ ಹೇಗೆ ಕಾಣ್ತಾರೆ?”

“ಕಾಣಲ್ಲ. ಸಂಜೆ ಊಟಕ್ಕೆ ಕೂತಾಗ ಕರೆಂಟು ಹೋಯ್ತಲ್ಲ, ಆಗ ಮಾತಾಡ್ತಾರೆ. ಆಪರೇಷನ್‌ಗೆ ಮುಂಚಿನ ದನಿ. ಅದೊಂದೇ ಇರೋದು ನನ್ನತ್ರ. ಮೂರ್ ಸಲ ಹಾಕಿ ನೋಡ್ದೆ, ಕರೆಂಟೇ ಹೋಗಲ್ಲ. ಊಟಕ್ಕೆ ಕೂತಿರ್ತಾರೆ, ಹಾಗೇ ಎಲೆ ಎತ್ತಿಬಿಡ್ತಾರೆ. ಏನ್ ಮಾಡಿದ್ರಮ್ಮ ಅವ್ರನ್ನ?”

ನಾನು ಏನು ಮಾಡಿದ್ದೆ ಅಂತ ನನಗೆ ಆ ಕ್ಷಣಕ್ಕೆ ಗೊತ್ತಾಯಿತು. ನನ್ನ ಪ್ರೋಗ್ರಾಮು ಚಿತ್ರ ಕಪ್ಪೋ ಅಲ್ಲವೋ ಅಂತ ಮಾತ್ರ ನೋಡುತ್ತಿತ್ತು. ಶಬ್ದದ ಕಡೆಗೆ ಕಿವಿಗೊಡುತ್ತಲೇ ಇರಲಿಲ್ಲ. ಮೊದಲ ವರ್ಷದ ಹುಡುಗರು ಇಂಥ ತಪ್ಪು ಮಾಡಿದರೆ ನಾನು ಎಬ್ಬಿಸಿ ನಿಲ್ಲಿಸುತ್ತೇನೆ. ಕ್ಯಾಮೆರಾ ಬ್ಯಾಟರಿಯಲ್ಲಿ ಓಡುತ್ತಿತ್ತು, ಚಪ್ಪರದ ದೀಪ ಆರಿತ್ತು, ಚಿತ್ರ ಹೋಗಿ ಮಾತು ಉಳಿದಿತ್ತು.

ಅವತ್ತೇ ಮೂಡಿಗೆರೆಯಲ್ಲಿ ಪವರ್ ಸಪ್ಲೈ ಹುಡುಕಿ ತೆಗೆದುಕೊಂಡು ಬಣಕಲ್‌ಗೆ ಹೋದೆ. ಅವರ ಹಳೆಯ ಡಬ್ಬಿಗೆ ಅದನ್ನು ಕೂರಿಸಿದೆ. ದೀಪ ಹತ್ತಿತು. ಅವರದೇ ಸರ್ವರ್ ಎದ್ದು ಕೂತಿತು. ಅಕ್ಕನ ಹೆಸರಿನಲ್ಲಿ ತೆರೆದು, ನೇರ ಎರಡು ಗಂಟೆ ಹನ್ನೊಂದನೇ ನಿಮಿಷಕ್ಕೆ ಹೋದೆ. ಊಟದ ಪಂಕ್ತಿ. ಬಡಿಸುವವರ ಬೆನ್ನು. ಫಕ್ಕನೆ ಕಪ್ಪು. ಹೆಂಗಸರ ಕೂಗು, ಒಂದು ಮಗುವಿನ ಅಳು. ಅದರ ಮೇಲೆ ಇಡೀ ಚಪ್ಪರಕ್ಕೆ ಕೇಳುವಂತೆ ಒಂದು ದೊಡ್ಡ, ತುಂಬಿದ, ನಗು ಬೆರೆತ ಗಂಡು ದನಿ. ಅದು ಯಾರದ್ದು ಅಂತ ನನಗೆ ಹೊಳೆಯಲೇ ಇಲ್ಲ, ನಾನು ಆ ದನಿಯನ್ನು ಎಂದೂ ಕೇಳಿದವಳಲ್ಲ.

“ಯಾರೂ ಏಳ್ಬೇಡಿ ಮಾರಾಯ್ರೆ! ಕೂತೋರು ಕೂತಲ್ಲೇ ಇರಿ. ಮಕ್ಕಳ ಕೈ ಹಿಡ್ಕೊಳ್ಳಿ. ಎಲ್ಲಿ ಹೋಗಿದೆ ಅಂತ ಗೊತ್ತು ನಂಗೆ. ಈಗ ತರ್ತೀನಿ.”

‘ಈಗ ತರ್ತೀನಿ’ ಅನ್ನುವುದನ್ನು ಅಕ್ಕ ಅವರ ಜೊತೆಗೇ ಹೇಳಿದರು, ಮೆಲ್ಲಗೆ, ಬಾಯಿಪಾಠ ಬಂದವರ ಹಾಗೆ. ದೀಪ ಬಂತು. ಪಂಕ್ತಿಯಲ್ಲಿ ಒಬ್ಬರೂ ಎದ್ದಿರಲಿಲ್ಲ.

ಅಕ್ಕ ಕಣ್ಣೊರೆಸಿಕೊಂಡು ಕಾಫಿ ಮಾಡಲು ಒಳಗೆ ಹೋದರು. ನಾನು ಸರ್ವರ್ ಸರಿಯಾಗಿದೆಯೋ ಅಂತ ನೋಡಲು ಹೆಸರುಗಳ ಪಟ್ಟಿ ತೆರೆದೆ. ಜಾವಳಿ ಮದುವೆಯ ಎದುರು ಎಲ್ಲರ ಹೆಸರೂ ಇತ್ತು, ಯಾರು ಎಲ್ಲಿಗೆ ಬಿಟ್ಟಿದ್ದಾರೆ ಅಂತ. ದೂರದೇಶದ ಪ್ರೋಗ್ರಾಮರುಗಳು, ಧಾರೆಯ ಅಜ್ಜಿಯ ಬಗ್ಗೆ ಕೇಳಿದವಳು, ಆಲ್ದೂರಿನ ಬೇಕರಿಯವರು ಸಹ: ಮುಗಿದಿದೆ, ಮುಗಿದಿದೆ, ಮುಗಿದಿದೆ. ನನ್ನ ಹೆಸರಿನ ಮುಂದೆ ನಲವತ್ತೆರಡು ನಿಮಿಷ.

ಅವರಿಗೆ ಗೊತ್ತಿತ್ತು. ಯಾರು ಎಲ್ಲಿಗೆ ಬಿಟ್ಟರು ಅಂತ ನೆನಪಿಡುವುದೇ ಆ ಸರ್ವರಿನ ಕಸುಬು, ಅದನ್ನು ಬರೆದವರೇ ಅವರು. ನಾನು ‘ಪೂರ್ತಿ’ ಅಂದಾಗ ಕನ್ನಡಕ ಒರೆಸುತ್ತಾ ಕೂತಿದ್ದ ಮನುಷ್ಯನಿಗೆ ಈ ನಲವತ್ತೆರಡು ನಿಮಿಷ ಗೊತ್ತಿತ್ತು. ಸುಳ್ಳು ಹೇಳ್ತೀಯಲ್ಲೇ ಅಂತ ಒಂದು ಮಾತು ಬೈಯಬಾರದಿತ್ತೇ? ಅಲ್ಲಿ ನನ್ನ ದನಿ ಇದೆ, ಅದಕ್ಕೇ ಬೇಡ ಅಂತ ಹೇಳಲು ಏನು ಕಷ್ಟವಿತ್ತು? ಎರಡು ವರ್ಷ ಅವರ ಬಾಗಿಲು ದಾಟಿಕೊಂಡು ಹೋದೆನಲ್ಲ, ಬಸ್ಸಿನ ಕಿಟಕಿಯಲ್ಲಿ ಮುಖ ತಿರುಗಿಸಿಕೊಂಡು! ನನ್ನ ಸಿಟ್ಟು ಇದು. ಎಂಟು ತಿಂಗಳಿಂದ ಇಳಿಯದೆ ಇರುವುದು ಇದೇ. ಇದರಲ್ಲಿ ಅವರ ಪಾಲೆಷ್ಟು ನನ್ನ ಪಾಲೆಷ್ಟು ಅಂತ ಬೇರ್ಪಡಿಸಲು ನನಗೆ ಬರುವುದಿಲ್ಲ.

ನನ್ನ ಹೆಸರನ್ನು ಒತ್ತಿದೆ. ಎಲ್ಲರನ್ನೂ ಕೇಳುವ ಹಾಗೆ ಅದು ನನ್ನನ್ನೂ ಕೇಳಿತು, ಅವರೇ ಬರೆದಿಟ್ಟ ಕನ್ನಡದಲ್ಲಿ: ‘ಬಿಟ್ಟಲ್ಲಿಂದ ನೋಡುತ್ತೀರಾ?’ ಅಕ್ಕ ಕಾಫಿ ತಂದು ಪಕ್ಕದಲ್ಲಿ ಕೂತರು. ಸದ್ದು ಜೋರು ಮಾಡಿದೆ. ಇನ್ನೂ ಸುಮಾರು ಮೂರು ಗಂಟೆ ಇತ್ತು.

ಮರುದಿನ ನನ್ನ ಸರ್ವರಿನಿಂದ ಆ ತಿದ್ದುಪಡಿಯನ್ನು ತೆಗೆದುಹಾಕಿದೆ. ಸದ್ದೂ ಇಲ್ಲದಿದ್ದರೆ ಮಾತ್ರ ದಾಟಲಿ ಅಂತ ಸರಿಪಡಿಸಬಹುದಿತ್ತು. ಆದರೆ ಸದ್ದಿಲ್ಲದ ಕಡೆ ಯಾರು ಕೂತಿರುತ್ತಾರೋ ನನಗೇನು ಗೊತ್ತು? ನನ್ನ ಜೊತೆ ಬಂದಿದ್ದ ಆರು ಜನ ಗಲಾಟೆ ಎಬ್ಬಿಸಿದರು, ಜನ ಮೆಚ್ಚಿದ್ದೇ ಅದನ್ನು, ತೆಗೆದದ್ದು ಯಾಕೆ ಅಂತ. ಏನಾದರೂ ತೆಗೆದರೆ ಒಂದು ಸಾಲಿನಲ್ಲಿ ಕಾರಣ ಬರೆಯಬೇಕು, ಇದೂ ಅವರೇ ಮಾಡಿಟ್ಟ ಕಾನೂನು. ಅವರ ಹಾಗೇ ಕನ್ನಡದಲ್ಲಿ ಬರೆದೆ.

‘ಕೊನೆ ತನಕ ನೋಡಿದೆ.’